ಸೇರುವ ದಿನದ ಫೀ ಕೋರ್ಸು ಮುಗಿಯುವವರೆಗೂ ಇರಲಿ: ಒಂದು ಬೇಡಿಕೆಯ ಹಿನ್ನೆಲೆ

ಡಿಗ್ರಿ ಪ್ರವೇಶ ನಡೆಯುವುದು ಮಳೆಗಾಲದಲ್ಲಿ. ಕಬ್ಬು ಕಾರ್ಖಾನೆಗೆ ಹೋಗುವುದು ದೀಪಾವಳಿ ಆಸುಪಾಸಿನಲ್ಲಿ, ಬಿಲ್ಲು ಕೈಗೆ ಬರುವುದು ಅದಕ್ಕೂ ತಡವಾಗಿ. ರಾಯಬಾಗ, ಮುಧೋಳ, ಜಮಖಂಡಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀ ಲೆಕ್ಕ ಇವೆರಡರ ನಡುವೆ ಸಿಕ್ಕಿಕೊಂಡಿರುತ್ತದೆ. ಇಂಡಿ, ಸಿಂದಗಿಯಲ್ಲಿ ತೊಗರಿ ರಾಶಿ ಆಗುವುದು ಇನ್ನೂ ಮುಂದಕ್ಕೆ. ಹಾಗಾಗಿ ಅಪ್ಪ ಅವ್ವ ಕೇಳುವ ಮೊದಲ ಪ್ರಶ್ನೆಯೇ ‘ಎಲ್ಲಾ ಸೇರಿ ಎಷ್ಟಾಗುತ್ತೆ?’ ಎನ್ನುವುದು. ಈ ವರ್ಷದ ಮೊತ್ತ ಕೌಂಟರಿನಲ್ಲಿ ಸಿಗುತ್ತದೆ. ಮುಂದಿನ ವರ್ಷಗಳದ್ದು ಸಿಗುವುದಿಲ್ಲ.

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ ದಿನ ಹೇಳಿದ ಶುಲ್ಕವನ್ನೇ ಆ ಬ್ಯಾಚು ಮುಗಿಯುವವರೆಗೂ ತೆಗೆದುಕೊಳ್ಳಬೇಕು ಎನ್ನುವ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಇದು ಫೀ ಮಾಫಿ ಕೇಳಿದಂತಲ್ಲ. ಮೊತ್ತ ಮೊದಲೇ ಗೊತ್ತಿರಲಿ ಎಂದು ಕೇಳುವುದು ಅಷ್ಟೆ.

ಈ ಭಾಗದಲ್ಲಿ ಓದು ಬೆಳೆದದ್ದು ಜನರ ದೇಣಿಗೆಯಿಂದ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿಎಲ್‌ಡಿಇ 1910ರಲ್ಲಿ, ಬೆಳಗಾವಿಯ ಕೆಎಲ್‌ಇ 1916ರಲ್ಲಿ ಶುರುವಾದವು. ಸರ್ಕಾರಿ ವಿಶ್ವವಿದ್ಯಾಲಯ ಎಂದರೆ ಬಹಳ ಕಾಲ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವೇ. ಎಂ.ಎ., ಎಂ.ಎಸ್ಸಿ. ಓದಬೇಕೆಂದರೆ ಧಾರವಾಡಕ್ಕೆ ಹೋಗಬೇಕಿತ್ತು. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು. 2010ರಲ್ಲಿ ಬೆಳಗಾವಿಯ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಕಾಲೇಜುಗಳು ಅದರಡಿ ಬಂದವು. ಹತ್ತಿರದಲ್ಲೇ ಓದು ಸಿಕ್ಕಿತು. ಆದರೆ ಅಷ್ಟರಲ್ಲಿ ಫೀ ಕುರಿತ ಸರ್ಕಾರದ ಯೋಚನೆಯೇ ಬದಲಾಗಿತ್ತು.

ದೇಶದ ಶಿಕ್ಷಣ ಕುರಿತು 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗದ ದಿಕ್ಕು, ಬೋಧನಾ ಶುಲ್ಕವನ್ನು ಹಂತ ಹಂತವಾಗಿ ತೆಗೆದುಹಾಕುವ ಕಡೆಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೇಮಿಸಿದ್ದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲಿ ಬೇರೆ ದಾರಿ ತೋರಿಸಿತು. ವಿಶ್ವವಿದ್ಯಾಲಯಗಳು ತಮ್ಮ ವಾರ್ಷಿಕ ಖರ್ಚಿನ ಶೇ 15ರಷ್ಟನ್ನು 5 ವರ್ಷದಲ್ಲಿ, ಶೇ 25ರಷ್ಟನ್ನು 10 ವರ್ಷದಲ್ಲಿ ತಾವೇ ದುಡಿದುಕೊಳ್ಳಬೇಕು ಎಂದಿತು. ದುಡಿಯುವುದು ಎಲ್ಲಿಂದ? ನಗರದ ದೊಡ್ಡ ಸಂಸ್ಥೆಗಾದರೆ ಕನ್ಸಲ್ಟೆನ್ಸಿ ಇದೆ, ಉದ್ಯಮಗಳ ಹಣ ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರುವ ಭೂತರಾಮನಹಟ್ಟಿಯಂಥ ಜಾಗದ ಹೊಸ ವಿಶ್ವವಿದ್ಯಾಲಯಕ್ಕೆ ಸುಲಭವಾಗಿ ಕೈಗೆ ಸಿಗುವುದು ವಿದ್ಯಾರ್ಥಿ ಕಟ್ಟುವ ಹಣ, ಅದರಡಿ ಇರಲು ಕಾಲೇಜುಗಳು ಕಟ್ಟುವ ಸಂಯೋಜನೆ ಶುಲ್ಕ. ಇವೆರಡೇ.

ಶುಲ್ಕದ ಬಗ್ಗೆ ಕಾನೂನಿನ ದೊಡ್ಡ ಜಗಳ ನಡೆದಿದ್ದು ಮಾತ್ರ ವೃತ್ತಿ ಶಿಕ್ಷಣದಲ್ಲಿ. ಅದರ ಕೇಂದ್ರ ಕರ್ನಾಟಕವೇ ಆಗಿತ್ತು. ಕ್ಯಾಪಿಟೇಷನ್, ಅಂದರೆ ಸೀಟು ಕೊಡಲು ಫೀ ಮೇಲೆ ಕೀಳುವ ಹಣ, ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲಿ ಬಂತು. ಆದರೆ 1989ರ ಅಧಿಸೂಚನೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವಾರ್ಷಿಕ ಫೀ ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000 ಇತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, ಇಷ್ಟು ಜಾಸ್ತಿ ತೆಗೆದುಕೊಂಡರೆ ಅದು ಕ್ಯಾಪಿಟೇಷನ್ನೇ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಅರ್ಧರ್ಧ ಮಾಡಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಏರ್ಪಾಟನ್ನು ತೆಗೆದುಹಾಕಿತು.

ನಮ್ಮ ವಿಷಯಕ್ಕೆ ಹತ್ತಿರವಾದದ್ದು 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು. ಸಮಿತಿಯೊಂದು ಫೀ ನಿಗದಿ ಮಾಡಬೇಕು, ಒಮ್ಮೆ ಮಾಡಿದ ಮೇಲೆ ಅದು ಮೂರು ವರ್ಷ ನಿಲ್ಲಬೇಕು, ಒಂದು ವರ್ಷಕ್ಕಿಂತ ಹೆಚ್ಚಿನ ಫೀ ಮುಂಗಡ ಕೇಳಬಾರದು ಎಂದು ಕೋರ್ಟ್ ಹೇಳಿತು. ಇದೂ ಕರ್ನಾಟಕದ್ದೇ ಪ್ರಕರಣ. ಆದರೆ ಮೂರು ವರ್ಷದ ಗಡುವು ಸಂಸ್ಥೆಗೆ ಹೊರತು ಬ್ಯಾಚಿಗಲ್ಲ. ಆ ಮೂರು ವರ್ಷಗಳಲ್ಲಿ ಎರಡನೆಯದರಲ್ಲಿ ಕೋರ್ಸಿಗೆ ಸೇರಿದವರಿಗೆ ನಡುವೆಯೇ ಪರಿಷ್ಕರಣೆ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಈ ರಕ್ಷಣೆ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಸಂಬಂಧಿಸಿದ್ದು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಿ.ಎ., ಎಂ.ಕಾಂ. ಓದುವವರಿಗೆ ಇದು ಅನ್ವಯಿಸಲಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಮನೆಯಲ್ಲಿ ಹಣ ಕಡಿಮೆ ಇರುವವರೇ ಜಾಸ್ತಿ ಬರುವ ಜಾಗ ಇದು, ಅಲ್ವಾ?

ಒಂದು ಶುಲ್ಕದ ರಸೀದಿ ಕೈಗೆತ್ತಿಕೊಳ್ಳಿ. ಬೋಧನಾ ಶುಲ್ಕ ಅದರಲ್ಲಿ ಒಂದು ಸಾಲು ಮಾತ್ರ. ಪ್ರವೇಶ, ಗ್ರಂಥಾಲಯ, ಕ್ರೀಡೆ, ಪ್ರಯೋಗಾಲಯ, ಗುರುತಿನ ಚೀಟಿ, ಪರೀಕ್ಷೆ, ಅಂಕಪಟ್ಟಿ, ಎಲ್ಲವೂ ಬೇರೆ ಬೇರೆ. ಬೋಧನಾ ಶುಲ್ಕ ಏರಿಸದೆಯೇ ಒಟ್ಟು ಮೊತ್ತ ಏರಿಸಬಹುದು. ವಿದ್ಯಾರ್ಥಿವೇತನದ್ದು ಬೇರೆಯೇ ಲೆಕ್ಕ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಗೊತ್ತುಮಾಡಿದ್ದರು. ಕೊಡುವ ಹಣ ಹೀಗೆ ನಿಗದಿ ಆಗುವಾಗ, ಕಟ್ಟಿಸಿಕೊಳ್ಳುವ ಹಣ ಯಾಕೆ ಆಗಬಾರದು?

ಬೇರೆ ಕಡೆ ಮಾಡಿ ನೋಡಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯ 2003ರಲ್ಲಿ ಕಾನೂನು ತಂದು, 2004ರಿಂದ ಸೇರಿದ ಆ ರಾಜ್ಯದ ಡಿಗ್ರಿ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷ ಒಂದೇ ಬೋಧನಾ ಶುಲ್ಕ ಎಂದಿತು. ಪೋಷಕರಿಗೆ ಲೆಕ್ಕ ಸಿಕ್ಕಿತು. ಆದರೆ ಮುಂದಿನ ನಾಲ್ಕು ವರ್ಷದ ಬೆಲೆಯೇರಿಕೆಯನ್ನು ಊಹಿಸಿ ವಿಶ್ವವಿದ್ಯಾಲಯಗಳು ಪ್ರತಿ ಹೊಸ ಬ್ಯಾಚಿಗೂ ಆರಂಭದಲ್ಲೇ ದರ ಏರಿಸಿದವು. ಇತರ ಶುಲ್ಕಗಳು ಕಾನೂನಿನ ಹೊರಗೇ ಉಳಿದವು. ಜಾರ್ಜಿಯಾ 2006ರಲ್ಲಿ ಇಂಥದ್ದೇ ಯೋಜನೆ ಮಾಡಿ, ಆರ್ಥಿಕ ಹಿಂಜರಿತ ಬಂದಾಗ 2009ರಲ್ಲಿ ನಿಲ್ಲಿಸಿತು. ಸರ್ಕಾರದ ಅನುದಾನ ಕುಸಿದರೆ ದರ ಹಿಡಿದಿಡುವುದು ಕಷ್ಟ ಎನ್ನುವುದು ಅಲ್ಲಿ ಕಂಡ ಪಾಠ. ಆದರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2022ರಲ್ಲಿ ಬ್ಯಾಚುವಾರು ದರ ಶುರುಮಾಡಿದೆ.

ಅನುದಾನದ ಮಾತು ನಮಗೂ ತಟ್ಟುತ್ತದೆ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾದಾಗ ಆ ಜಿಲ್ಲೆಯ ಕಾಲೇಜುಗಳು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೇರೆಯಾದವು. ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕದ ಆದಾಯವೂ ಅವುಗಳ ಜೊತೆ ಹೋಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಬಾಗಲಕೋಟೆಯೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿತು. ಕಾರಣ ಹಣದ ಕೊರತೆ. ಹುದ್ದೆ ತುಂಬದೆ, ಅನುದಾನ ಕೊಡದೆ ಫೀ ಮಾತ್ರ ಹಿಡಿದಿಡಿ ಎಂದು ಕುಲಪತಿಗಳಿಗೆ ಹೇಳಿದರೆ ಪ್ರಯೋಜನ ಇಲ್ಲ. ಲ್ಯಾಬು, ಲೈಬ್ರರಿ ಬಡವಾಗುತ್ತವೆ, ಅತಿಥಿ ಉಪನ್ಯಾಸಕರ ಸಂಬಳ ನಿಲ್ಲುತ್ತದೆ. ಅದಕ್ಕೇ ಈ ಬೇಡಿಕೆ ಮೊದಲು ಸರ್ಕಾರಕ್ಕೆ, ಆಮೇಲೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ.

ಶುರು ಮಾಡುವುದಾದರೆ ಸ್ನಾತಕೋತ್ತರ ಕೋರ್ಸುಗಳಿಂದ ಮಾಡಬಹುದು. ಎರಡೇ ವರ್ಷ, ನಾಲ್ಕು ಸೆಮಿಸ್ಟರು. ಪ್ರವೇಶ ಅಧಿಸೂಚನೆಯಲ್ಲೇ ನಾಲ್ಕೂ ಸೆಮಿಸ್ಟರಿನ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಉಳಿದ ಎಲ್ಲ ಬಾಬತ್ತು ಸೇರಿಸಿ ಒಂದೇ ಮೊತ್ತ ಅಚ್ಚು ಹಾಕಲಿ. ಕಂತುಗಳಲ್ಲಿ ಒಂದನ್ನು ಕಬ್ಬಿನ ಬಿಲ್ಲು, ತೊಗರಿ ರಾಶಿ ಮುಗಿಯುವ ಜನವರಿ-ಫೆಬ್ರುವರಿಗೆ ಇಡಲಿ.