ಬ್ರ್ಯಾಕೆಟ್ ಒಳಗಿನ ಹೆಸರು

ಸಂಗೀತಗಾರರ ಕರಾರು ಪತ್ರ ಓದುವುದು ನನ್ನ ಕಸುಬು. ಸಹಿ ಹಾಕುವ ಮುಂಚೆ ಬರುವವರು ಕಡಿಮೆ. ಹಾಕಿ ಆದ ಮೇಲೆ, ‘ಇದರಲ್ಲಿ ಏನಾದ್ರೂ ತೊಂದ್ರೆ ಇದೆಯಾ ಸಾರ್?’ ಅಂತ ಬರುವವರೇ ಜಾಸ್ತಿ. ಅಂಥವರಿಗೆ ನಾನು ಸೆಕ್ಷನ್ ಹೇಳುವುದಿಲ್ಲ, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಹಾಡುಗಾರರ ಕಥೆ ಹೇಳುತ್ತೇನೆ.

1941ರಲ್ಲಿ ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ಜಮೀನಿನಲ್ಲಿ ದುಡಿಯುತ್ತಿದ್ದರು. ಜಾನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಅಲ್ಲಿಗೇ ಹೋಗಿ ಅವರ ಹಾಡು ರೆಕಾರ್ಡ್ ಮಾಡಿಕೊಂಡರು. ಆಮೇಲೆ ಮಡ್ಡಿ ಕೈಸೇರಿದ್ದು ಎರಡು ಗ್ರಾಮಫೋನ್ ಪ್ಲೇಟು, 20 ಡಾಲರ್ ಚೆಕ್ಕು. 1943ರಲ್ಲಿ ಅವರು ಷಿಕಾಗೋ ರೈಲು ಹತ್ತಿದರು. ಅದಕ್ಕೂ ಮುಂಚೆ, 1923ರಿಂದ ಕೊಲಂಬಿಯಾ ಕಂಪನಿಗೆ ಹಾಡಿದ ಬೆಸ್ಸಿ ಸ್ಮಿತ್ ಅವರದ್ದೂ ಹೀಗೇ. ಹಾಡಿಗೆ ಇಷ್ಟು ಅಂತ ಒಂದೇ ಸಲ. ಮಾರಾಟದಲ್ಲಿ ಪಾಲು, ಅಂದರೆ ರಾಯಲ್ಟಿ, ಇಲ್ಲ. ಪ್ಲೇಟು ಮಾತ್ರ ಲಕ್ಷಗಟ್ಟಲೆ ಮಾರಾಟವಾಯಿತು.

ಹಳೇ ಪ್ಲೇಟಿನ ಲೇಬಲ್ ನೋಡಿದ್ದೀರಾ? ಹಾಡಿನ ಹೆಸರು, ಅದರ ಕೆಳಗೆ ಬ್ರ್ಯಾಕೆಟ್ಟಿನಲ್ಲಿ ಇರುವೆ ಗಾತ್ರದ ಒಂದು ಹೆಸರು, ಆಮೇಲೆ ದಪ್ಪಕ್ಷರದಲ್ಲಿ ಹಾಡಿದವರು. ನಮ್ಮ ಕಣ್ಣು ಹೋಗುವುದು ದಪ್ಪಕ್ಷರಕ್ಕೆ. ದುಡ್ಡು ಹೋಗುವುದು ಬ್ರ್ಯಾಕೆಟ್ಟಿಗೆ, ಅಂದರೆ ಹಾಡು ಬರೆದವರಿಗೆ. ಅಮೆರಿಕದಲ್ಲಿ ಇವತ್ತಿಗೂ ಎಫ್‌ಎಂ ರೇಡಿಯೊ ಹಾಡು ಹಾಕಿದರೆ ಹಣ ಬರುವುದು ಬರೆದವರ ಕಡೆಗೆ. ಹಾಡಿದವರಿಗೆ ಏನೂ ಇಲ್ಲ.

ಈ ಬ್ರ್ಯಾಕೆಟ್ಟಿನ ಬೆಲೆ ಚೆನ್ನಾಗಿ ಕಲಿತವರು ವಿಲ್ಲಿ ಡಿಕ್ಸನ್. 1915ರಲ್ಲಿ ವಿಕ್ಸ್‌ಬರ್ಗ್‌ನಲ್ಲಿ ಹುಟ್ಟಿದ ಭಾರೀ ಆಳು, ಮೊದಲು ಬಾಕ್ಸರ್. ಷಿಕಾಗೋದ ಚೆಸ್ ಅನ್ನುವ ರೆಕಾರ್ಡ್ ಕಂಪನಿಯಲ್ಲಿ ಬಾಸ್ ಅನ್ನುವ ದೊಡ್ಡ ತಂತಿವಾದ್ಯ ನುಡಿಸುತ್ತಾ ಬೇರೆಯವರಿಗೆ ಹಾಡು ಬರೆದುಕೊಟ್ಟರು. 1954ರಲ್ಲಿ ಮಡ್ಡಿ ಹಾಡಿದ ‘ಹೂಚಿ ಕೂಚಿ ಮ್ಯಾನ್’ ಇವರದೇ. ಬ್ರ್ಯಾಕೆಟ್ಟಿನಲ್ಲಿ ಹೆಸರಿತ್ತು. ಆದರೆ ಹಾಡಿನ ಹಕ್ಕು ಇದ್ದದ್ದು ಆರ್ಕ್ ಮ್ಯೂಸಿಕ್ ಅನ್ನುವ ಪ್ರಕಾಶನದ ಕೈಯಲ್ಲಿ. ಅದರಲ್ಲಿ ಚೆಸ್ ಕಂಪನಿಯ ಮಾಲೀಕರಾದ ಅಣ್ಣತಮ್ಮಂದಿರೂ ಪಾಲುದಾರರು! 1970ರ ದಶಕದಲ್ಲಿ ಡಿಕ್ಸನ್, ಮಡ್ಡಿ ಇಬ್ಬರೂ ಆರ್ಕ್ ಮೇಲೆ ಕೇಸು ಹಾಕಿದರು. ರಾಜಿಯಾಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಆಗಿನ ಅಮೆರಿಕದ ಕಾಯ್ದೆಯಲ್ಲಿ ಹಾಡಿನ ಹಕ್ಕು ಮೊದಲು 28 ವರ್ಷ, ಆಮೇಲೆ ನವೀಕರಣ. ಮೊದಲೇ ಸಹಿ ಹಾಕಿ ಬೇರೆಯವರಿಗೆ ಬಿಟ್ಟುಕೊಟ್ಟಿರದಿದ್ದರೆ ನವೀಕರಣದ ಹಕ್ಕು ಹಾಡು ಬರೆದವರದ್ದು. ಅಂದರೆ 1954ರ ಹಾಡು 1982ರಲ್ಲಿ ಮನೆಗೆ ಬರಬಹುದು. ಆದರೆ ಕಾಗದದಲ್ಲಿ ‘ಕಂಪನಿಯ ನೌಕರನಾಗಿ ಬರೆದದ್ದು’ ಅಂತ ಇದ್ದರೆ ಮುಗೀತು, ಅದು ಶುರುವಿನಿಂದಲೇ ಕಂಪನಿಯ ಹಾಡು. ನಾನು ಯಾವ ಪತ್ರ ತೆರೆದರೂ ಮೊದಲು ಹುಡುಕುವುದು ಅಂಥ ಸಾಲನ್ನೇ. ಸಾಮಾನ್ಯವಾಗಿ ಅದು ಎಲ್ಲರೂ ಓದಿ ಸುಸ್ತಾಗುವ ಪುಟದಲ್ಲಿರುತ್ತದೆ.

1962ರಲ್ಲಿ ಮಡ್ಡಿಗೆ ಡಿಕ್ಸನ್ ಬರೆದ ‘ಯೂ ನೀಡ್ ಲವ್’ ಇದೆಯಲ್ಲ, ಅದರ ಸಾಲುಗಳು 1969ರಲ್ಲಿ ಲೆಡ್ ಜೆಪ್ಪೆಲಿನ್ ಅನ್ನುವ ಬ್ರಿಟಿಷ್ ರಾಕ್ ತಂಡದ ಹಾಡಿನೊಳಗೆ ಕಾಣಿಸಿಕೊಂಡವು. ಬ್ರ್ಯಾಕೆಟ್ಟಿನಲ್ಲಿ ಡಿಕ್ಸನ್ ಇರಲಿಲ್ಲ. 1985ರಲ್ಲಿ ಕೇಸು, 1987ರಲ್ಲಿ ಕೋರ್ಟಿನ ಹೊರಗೆ ರಾಜಿ. ಈಗ ಹೆಸರಿದೆ. ಡಿಕ್ಸನ್ ಆಗಲೇ ಬಡ ಬ್ಲೂಸ್ ಕಲಾವಿದರಿಗಾಗಿ ಬ್ಲೂಸ್ ಹೆವನ್ ಅನ್ನುವ ಸಂಸ್ಥೆ ಕಟ್ಟಿದ್ದರು. ಅವರು ತೀರಿಕೊಂಡದ್ದು 1992ರಲ್ಲಿ. ಮರುವರ್ಷ ಅವರ ಹೆಂಡತಿ ಮೇರಿ ಆ ಸಂಸ್ಥೆಗಾಗಿ ಒಂದು ಕಟ್ಟಡ ಕೊಂಡರು. ಯಾವುದು ಗೊತ್ತಾ? ಚೆಸ್ ಕಂಪನಿಯ ಹಳೇ ಸ್ಟುಡಿಯೊ.

ಇಷ್ಟು ಹೇಳಿ, ಎದುರಿಗೆ ಕೂತವರನ್ನು ಕೇಳುತ್ತೇನೆ: ‘ನಿಮ್ಮ ಪತ್ರದಲ್ಲಿ ಹಾಡು ಬರೆದವರು ಯಾರು ಅಂತ ಇದೆ?’

ಮೊನ್ನೆ ಬಂದ ಹುಡುಗ ಪುಟ ತಿರುವಿ ನೋಡಿದ. ‘ಆ ಜಾಗ ಖಾಲಿ ಬಿಟ್ಟಿದಾರೆ ಸಾರ್.’