ಎಚ್‌ಐವಿಯನ್ನು ಪಳಗಿಸಿ ಕ್ಯಾನ್ಸರ್‌ಗೆ ಮದ್ದು: ಇಲ್ಲಿಯವರೆಗಿನ ದಾರಿ

ಕಲಬುರಗಿ, ವಿಜಯಪುರದ ಕಡೆಯಿಂದ ಪರೇಲ್‌ನ ಟಾಟಾ ಆಸ್ಪತ್ರೆಗೆ ರೋಗಿಯನ್ನು ಕರೆತರುವ ಕುಟುಂಬಗಳಿಗೆ ಎಷ್ಟೋ ಸಲ ಮುಂಬೈ ಕನ್ನಡಿಗರೇ ದುಭಾಷಿಗಳು. ರಕ್ತದ ಕ್ಯಾನ್ಸರ್ ಮರುಕಳಿಸಿದವರ ಮನೆಯವರು ಈಚೆಗೆ ಕೇಳುವುದುಂಟು: “ಕಾರ್-ಟಿ ಅಂತಾರಲ್ರೀ, ಅದರಾಗ ಎಚ್‌ಐವಿ ವೈರಸ್ ಇರ್ತದಂತ. ನಮ್ಮ ಅಣ್ಣಗ ಅದನ್ನ ಮಾಡಸೂದೇನ್ರೀ?” ಆ ಭಯಕ್ಕೆ ಸರಿಯಾದ ಉತ್ತರ ಸಿಗಬೇಕು. ಕಾರ್-ಟಿ ಎಂದರೆ ರೋಗಿಯದೇ ಟಿ-ಕೋಶಗಳಿಗೆ, ಅಂದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೆ, ಕ್ಯಾನ್ಸರ್ ಕೊಲ್ಲಲು ಕಲಿಸುವ ಚಿಕಿತ್ಸೆ.

ವೈರಸ್‌ನಿಂದ ಕೆಲಸ ತೆಗೆಯುವ ಯೋಚನೆ ಹೊಸದಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ಗಳಿಗೆ 1917ರಲ್ಲಿ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟ ಫೆಲಿಕ್ಸ್ ಡೆರೆಲ್, ಮುಂದಿನ ದಶಕದಲ್ಲಿ ಭಾರತಕ್ಕೇ ಬಂದು ಕಾಲರಾ ರೋಗಿಗಳ ಮೇಲೆ ಅವನ್ನು ಪ್ರಯೋಗಿಸಿದರು. ಆಂಟಿಬಯೊಟಿಕ್ ಬಂದಮೇಲೆ ಆ ಚಿಕಿತ್ಸೆ ಬಹುತೇಕ ದೇಶಗಳಲ್ಲಿ ಮೂಲೆಗೆ ಸೇರಿತು. ಪ್ರಯೋಗಾಲಯದಲ್ಲಿ ಮಾತ್ರ ಫೇಜ್‌ಗಳು ಉಳಿದವು. ಡಿಎನ್‌ಎ ತುಂಡುಗಳನ್ನು ಬೆಸೆಯುವ ಟಿ4 ಲೈಗೇಸ್ ಕಿಣ್ವ ಅವುಗಳ ಕೊಡುಗೆ. ಎಚ್‌ಐವಿಯೂ ಸೇರಿದ ರೆಟ್ರೊವೈರಸ್ ಗುಂಪಿನವು ಒಂದು ಕಿಣ್ವದ ನೆರವಿನಿಂದ ಆರ್‌ಎನ್‌ಎ ನೋಡಿ ಡಿಎನ್‌ಎ ಕಟ್ಟುತ್ತವೆಂದು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ತೋರಿಸಿದರು. ಕೋವಿಡ್ ಪರೀಕ್ಷೆ ಆರ್‌ಟಿ-ಪಿಸಿಆರ್ ನಿಂತಿರುವುದು ಆ ಕಿಣ್ವದ ಮೇಲೆಯೇ.

ಇದಕ್ಕಿಂತ ದೊಡ್ಡದು ಜೀವಕೋಶದೊಳಗೆ ನುಗ್ಗಿ ಜೀನ್ ಇಳಿಸುವ ವೈರಸ್‌ನ ಚಳಕ. ರೋಗ ತರುವ ಜೀನ್ ಕಿತ್ತು ನಮಗೆ ಬೇಕಾದ್ದನ್ನು ಇಟ್ಟರೆ ಅದು ಬರೀ ವಾಹಕ. ಈ ಪಾಠ ಸುಲಭಕ್ಕೆ ಬರಲಿಲ್ಲ. 1999ರಲ್ಲಿ ಅಮೆರಿಕದ 18ರ ಹುಡುಗ ಜೆಸ್ಸಿ ಗೆಲ್ಸಿಂಗರ್, ನೆಗಡಿಯಂಥ ಕಾಯಿಲೆ ತರುವ ಅಡಿನೊವೈರಸ್ಸನ್ನು ವಾಹಕವಾಗಿ ಕೊಟ್ಟ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ತೀರಿಕೊಂಡ. ಇಡೀ ಕ್ಷೇತ್ರ ವರ್ಷಗಟ್ಟಲೆ ಹಿಂಜರಿಯಿತು. ಆದರೆ 2021ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್‌ನಲ್ಲಿ ಇದ್ದದ್ದೂ ಅಡಿನೊವೈರಸ್ಸೇ, ಚಿಂಪಾಂಜಿಯದು. ಮೈಯೊಳಗೆ ಸಂಖ್ಯೆ ಬೆಳೆಸಿಕೊಳ್ಳದಂತೆ ಅದನ್ನು ಬದಲಿಸಲಾಗಿತ್ತು.

ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಇದರಲ್ಲಿ ವೈರಸ್ಸನ್ನು ರೋಗಿಗೆ ಚುಚ್ಚುವುದಿಲ್ಲ. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಹೊರತೆಗೆದು, ಎಚ್‌ಐವಿ ಗುಂಪಿನ ಲೆಂಟಿವೈರಸ್‌ನಿಂದ ಮಾಡಿದ ವಾಹಕದ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಈ ಬಗೆಯ ರಕ್ತದ ಕ್ಯಾನ್ಸರ್ ಹುಟ್ಟುವ ಬಿ-ಕೋಶಗಳ ಮೈಮೇಲಿನ ಸಿಡಿ19 ಗುರುತನ್ನು ಹಿಡಿದು ಕೊಲ್ಲಲು ಟಿ-ಕೋಶ ಕಲಿಯುವುದು ಹಾಗೆ. ಅವನ್ನು ಬೆಳೆಸಿ ಮತ್ತೆ ರಕ್ತಕ್ಕೆ ಏರಿಸುತ್ತಾರೆ. ರೋಗ ತರುವ ಜೀನ್‌ಗಳೇ ಇಲ್ಲದ ಆ ವಾಹಕ ಇನ್ನೊಂದು ವೈರಸ್ಸನ್ನು ಹುಟ್ಟಿಸಲಾರದು. ಇದರಿಂದ ಏಡ್ಸ್ ಬರುವುದಿಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾಗದು. ಕೆರಳಿದ ಟಿ-ಕೋಶಗಳಿಂದ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಬರಬಹುದು. ಸೇರಿಸಿದ ಜೀನ್ ವರ್ಣತಂತುವಿನಲ್ಲೇ ಉಳಿಯುವುದರಿಂದ ವರ್ಷಗಳ ಕಾಲ ತಪಾಸಣೆ ಬೇಕು. ವಿದೇಶಕ್ಕಿಂತ ಬಹಳ ಅಗ್ಗವಾದರೂ ಖರ್ಚು ಲಕ್ಷಗಳಲ್ಲೇ ಇದೆ. ಬಡವರಿಗೆ ಇದು ಎಟುಕುವಂತೆ ಸರ್ಕಾರ ಮಾಡಲೇಬೇಕು.

ಮನೆಯವರು ತಿಳಿದಿರಬೇಕಾದ್ದು ಇನ್ನೊಂದಿದೆ. ಲೆಂಟಿವೈರಸ್ ಬಳಸಿದ ಕಾರ್-ಟಿ ಪಡೆದವರಲ್ಲಿ, ಎಚ್‌ಐವಿಯ ಆರ್‌ಎನ್‌ಎ-ಡಿಎನ್‌ಎ ಹುಡುಕುವ ಕೆಲವು ರಕ್ತಪರೀಕ್ಷೆಗಳು ಸೋಂಕಿಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಊರಿಗೆ ಮರಳಿದ ಮೇಲೆ ಯಾವ ಲ್ಯಾಬ್‌ಗೆ ಹೋದರೂ ಚಿಕಿತ್ಸೆಯ ಕಾಗದ ಮೊದಲೇ ತೋರಿಸಿ.