ಹಡಗು ನಿಂತ ಊರಲ್ಲೆಲ್ಲ ರೊಕ್ಕ ಬದಲಾಯಿಸಬೇಕಾ?

ಬಳ್ಳಾರಿಯಲ್ಲಿ ವಿದೇಶಿ ಕರೆನ್ಸಿ ಬದಲಾಯಿಸಿ ಕೊಡುವುದು ನನ್ನ ವೃತ್ತಿ. ಈಗೀಗ ಕ್ರೂಸ್‌ಗೆ ಹೊರಟವರು ಜಾಸ್ತಿ ಬರುತ್ತಿದ್ದಾರೆ. ಗಂಗಾವತಿಯ ರೈಸ್ ಮಿಲ್ಲಿನವರು, ಸಿಂಧನೂರಿನ ಕುಟುಂಬಗಳು, ತೋರಣಗಲ್ಲಿನ ಫ್ಯಾಕ್ಟರಿಯವರು. ಹೆಚ್ಚಿನವರು ಸಿಂಗಾಪುರದಲ್ಲಿ ಹಡಗು ಹತ್ತಿ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಬರುವವರು. "ಮೂರೂ ದೇಶದ ರೊಕ್ಕ ಸ್ವಲ್ಪ ಸ್ವಲ್ಪ ಕೊಟ್ಟುಬಿಡ್ರಿ ಸರ್" ಅನ್ನುತ್ತಾರೆ.

ಬೇಡ ಅನ್ನುತ್ತೇನೆ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಬೇಡವೇ.

ಕಾರಣ ಕೇಳಿ. ನಮ್ಮ ಬೋರ್ಡಿನಲ್ಲಿ ಎರಡು ದರ ಇರುತ್ತವೆ, ನೋಡಿರ್ತೀರಲ್ವಾ? ಒಂದು ನಾವು ಮಾರುವ ದರ, ಇನ್ನೊಂದು ಕೊಳ್ಳುವ ದರ. ಅವುಗಳ ನಡುವಿನ ಅಂತರವೇ ನಮ್ಮ ಸಂಪಾದನೆ. ಡಾಲರ್, ಯೂರೋಗೆ ಈ ಅಂತರ ಕಡಿಮೆ, ಯಾಕೆಂದರೆ ಇವತ್ತು ಬಂದ ನೋಟು ನಾಳೆ ಇನ್ನೊಬ್ಬರಿಗೆ ಹೋಗುತ್ತದೆ, ಹಂಪಿಗೆ ಬರುವ ವಿದೇಶಿಯರಿಂದಲೂ ನಮ್ಮ ಭಾಗದಲ್ಲಿ ಆ ನೋಟುಗಳು ಓಡಾಡುತ್ತವೆ. ಮಲೇಷ್ಯಾದ ರಿಂಗಿಟ್, ಥಾಯ್ಲೆಂಡಿನ ಬಾತ್ ಹಾಗಲ್ಲ. ಬೆಂಗಳೂರಿನಿಂದ ತರಿಸಬೇಕು. ಉಳಿದದ್ದನ್ನು ನೀವು ವಾಪಸ್ ತಂದರೆ ಅದನ್ನು ಕೊಳ್ಳುವ ಗಿರಾಕಿಗೆ ಕಾಯಬೇಕು. ಹಾಗಾಗಿ 21 ರೂಪಾಯಿಗೆ ಕೊಂಡ ರಿಂಗಿಟ್ಟಿಗೆ ವಾಪಸ್ ಕೊಡುವಾಗ 18 ಸಿಕ್ಕರೂ ಆಶ್ಚರ್ಯವಿಲ್ಲ.

ಈಗ ಹಡಗಿನ ಲೆಕ್ಕ ನೋಡಿ. ಊಟ ಟಿಕೆಟ್ಟಿನಲ್ಲೇ ಬಂದಿದೆ. ಒಳಗಿನ ಮಿಕ್ಕ ಖರ್ಚೆಲ್ಲ ನಿಮ್ಮ ರೂಮಿನ ಕಾರ್ಡಿಗೆ ಬೀಳುತ್ತದೆ, ಕಂಪನಿಗೆ ತಕ್ಕಂತೆ ಅಮೆರಿಕನ್ ಡಾಲರ್‌ನಲ್ಲೋ ಸಿಂಗಾಪುರ ಡಾಲರ್‌ನಲ್ಲೋ. ಅಲ್ಲಿ ನೋಟು ಕೈಗೆ ಬರುವುದೇ ಇಲ್ಲ. ಊರು ನೋಡುವ ಬಸ್ಸನ್ನು ಹಡಗಿನವರ ಹತ್ತಿರವೇ ಬುಕ್ ಮಾಡಿದ್ದರೆ ಅದರ ದುಡ್ಡೂ ಕಟ್ಟಿಯಾಯಿತು. ಇನ್ನು ಉಳಿದದ್ದು ಆ ನಾಲ್ಕೈದು ತಾಸಿನ ಟ್ಯಾಕ್ಸಿ, ಟೀ, ಎಳನೀರು, ಮಕ್ಕಳಿಗೊಂದು ಟೀ ಶರ್ಟು. ಅದಕ್ಕಾಗಿ ಇಲ್ಲಿಂದಲೇ ಕಟ್ಟುಗಟ್ಟಲೆ ಬಾತ್ ಒಯ್ಯುವುದು ಯಾಕೆ?

ಇಲ್ಲಿಂದ ಸಿಂಗಾಪುರ ಡಾಲರ್ ಒಯ್ಯಿರಿ, ಜೊತೆಗೆ ಒಂದೆರಡು ಕಾರ್ಡ್. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟ್ಟನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್ ಊರಿಗೇ ಅಂಟಿಕೊಂಡಿದೆ. ನಡೆದುಕೊಂಡೇ ಲಿಟ್ಲ್ ಇಂಡಿಯಾ ಬೀದಿಗೆ ಹೋಗಬಹುದು, ಆ ಸುತ್ತಮುತ್ತ ಕರೆನ್ಸಿ ಅಂಗಡಿಗಳಿವೆ. ಅಲ್ಲಿ ಒಂದು 50 ಡಾಲರ್ ಮುರಿಸಿಕೊಂಡರೆ ಒಂದು ಕುಟುಂಬದ ಚಿಲ್ಲರೆ ಖರ್ಚಿಗೆ ಸಾಕು. ದರವೂ ನಾನು ಬಳ್ಳಾರಿಯಲ್ಲಿ ಕೊಡುವುದಕ್ಕಿಂತ ಚೆನ್ನಾಗಿರುತ್ತದೆ, ಯಾಕೆಂದರೆ ರಿಂಗಿಟ್ ಅಲ್ಲಿಯದೇ ದುಡ್ಡು. ಫುಕೆಟ್‌ನಲ್ಲಿ ದೊಡ್ಡ ಹಡಗು ಸಾಮಾನ್ಯವಾಗಿ ಪಾಟೊಂಗ್ ಬೀಚಿನ ಎದುರು ಸಮುದ್ರದಲ್ಲೇ ನಿಂತು, ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಟುಕ್‌ಟುಕ್‌ನವರಿಗೆ, ಬೀಚಿನ ಅಂಗಡಿಯವರಿಗೆ ನಗದೇ ಬೇಕು. ಅಲ್ಲೂ ಬೀದಿಯಲ್ಲೇ ಬದಲಾಯಿಸುವ ಬೂತ್‌ಗಳಿವೆ. ಎಟಿಎಂಗೆ ಮಾತ್ರ ಹೋಗಬೇಡಿ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತವೆ, ಸಣ್ಣ ಮೊತ್ತ ತೆಗೆದರೂ ಅಷ್ಟೇ.

ಬದಲಾಯಿಸುವವರು ಪಾಸ್‌ಪೋರ್ಟ್ ಕೇಳಬಹುದು. ಕೆಲವು ಹಡಗುಗಳಲ್ಲಿ ಅದನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಜೆರಾಕ್ಸ್ ಜೇಬಿನಲ್ಲಿರಲಿ. ಹರಿದ, ಗೀಚಿದ, ತುಂಬಾ ಹಳೆಯ ಡಾಲರ್ ನೋಟನ್ನು ಎಷ್ಟೋ ಕಡೆ ಮುಟ್ಟುವುದಿಲ್ಲ. ನನ್ನಂಥವರ ಹತ್ತಿರ ಕೊಳ್ಳುವಾಗಲೇ ನೋಟು ತಿರುವಿ ನೋಡಿ, ಸರಿಯಿಲ್ಲದಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ಹಡಗಿನ ಕೌಂಟರ್‌ನಲ್ಲಿ ಬದಲಾಯಿಸುವುದು ಕೊನೆಯ ದಾರಿ. ಅಲ್ಲಿ ದರ ಕಡಿಮೆ ಸಿಗುತ್ತದೆ.

ಕಾರ್ಡಿನ ವಿಷಯದಲ್ಲಿ ಒಂದು ಮೋಸದ ಜಾಗ ಇದೆ, ಇದನ್ನು ನಾನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ. ಅಂಗಡಿಯ ಮಷಿನ್ನು "ರೂಪಾಯಿಯಲ್ಲಿ ಕಟ್ಟುತ್ತೀರಾ, ರಿಂಗಿಟ್‌ನಲ್ಲಾ?" ಅಂತ ಕೇಳುತ್ತದೆ. ನಮ್ಮವರು ರೂಪಾಯಿ ಕಂಡ ತಕ್ಷಣ ಖುಷಿಯಿಂದ ಅದನ್ನೇ ಒತ್ತುತ್ತಾರೆ. ಒತ್ತಬೇಡಿ! ಆ ದರವನ್ನು ಅಂಗಡಿಯ ಕಡೆಯವರು ಹಾಕಿರುತ್ತಾರೆ, ಅವರ ಲಾಭ ಅದರೊಳಗೇ ಸೇರಿರುತ್ತದೆ. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಆರಿಸಿ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ 3.5ರಷ್ಟು, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತವೆ, ಅದು ಬೇರೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಆಫ್ ಇದ್ದರೆ ಕಾರ್ಡ್ ನಡೆಯುವುದೇ ಇಲ್ಲ.

ಯುರೋಪಿನ ಕಡೆ ಹೋಗುವವರಿಗೆ ಇನ್ನೂ ಸುಲಭ. ಬಾರ್ಸಿಲೋನಾ, ಮಾರ್ಸೇ, ನೇಪಲ್ಸ್, ಗ್ರೀಸಿನ ದ್ವೀಪಗಳು, ಎಲ್ಲ ಕಡೆ ಯೂರೋ. 2023ರಿಂದ ಕ್ರೊಯೇಷಿಯಾದಲ್ಲೂ ಅದೇ. ಟರ್ಕಿಯಲ್ಲಿ ಮಾತ್ರ ಲಿರಾ. ಚೆನ್ನೈನಿಂದ ಶ್ರೀಲಂಕಾಕ್ಕೆ ಹೋಗುವವರು ಮೊದಲು ಫೋನ್ ನೋಡಿಕೊಳ್ಳಿ, 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ನಡೆಯುತ್ತಿದೆ, ಎಲ್ಲ ಅಂಗಡಿಯಲ್ಲಿ ಅಲ್ಲ ಅಷ್ಟೇ.

ಹಡಗಿಗೆ ವಾಪಸ್ ಹತ್ತುವ ಮುಂಚೆ ಜೇಬಿನ ನಾಣ್ಯಗಳನ್ನು ಹಣ್ಣಿಗೋ ನೀರಿಗೋ ಖರ್ಚು ಮಾಡಿ, ಅವನ್ನು ನಾವ್ಯಾರೂ ಕೊಳ್ಳುವುದಿಲ್ಲ. ನೋಟು ಉಳಿದರೆ 2,000 ಅಮೆರಿಕನ್ ಡಾಲರ್ ಬೆಲೆಯವರೆಗೆ ಮನೆಯಲ್ಲಿಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಅದಕ್ಕಿಂತ ಜಾಸ್ತಿ ಇದ್ದದ್ದನ್ನು ಬಂದ 180 ದಿನದೊಳಗೆ ಕೊಟ್ಟು ರೂಪಾಯಿ ಮಾಡಿಕೊಳ್ಳಬೇಕು. ಉಳಿದದ್ದು ಸಿಂಗಾಪುರ ಡಾಲರ್ ಆಗಿದ್ದರೆ ಧೈರ್ಯವಾಗಿ ತನ್ನಿ, ಅದಕ್ಕೆ ಗಿರಾಕಿ ಬಂದೇ ಬರುತ್ತಾರೆ.